ಆಳಂದದ ಖೋಲಿ ಬಿಟ್ಟ ಮೇಲೆ

ಜೇವರ್ಗಿ
14 ಮಾರ್ಚ್ 1981

ಬುರಾನುದ್ದೀನ ಚಾಚಾ ಅವರಿಗೆ ತುಳಸಾಬಾಯಿಯ ನಮಸ್ಕಾರ. ಚಾಚಿಗೂ ತಿಳಿಸಿರಿ.

ಬಂದು ಹದಿನೈದು ದಿನವಾದ ಮೇಲೆ ಪತ್ರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡಿ. ಇಲ್ಲಿಯ ದವಾಖಾನೆಯಲ್ಲಿ ನರ್ಸ್ ಎಂದರೆ ಸದ್ಯಕ್ಕೆ ನಾನೊಬ್ಬಳೇ. ಕೊಳಕೂರ ಕಡೆಯ ಹಳ್ಳಿಗಳೂ ನನ್ನ ಪಾಲಿಗೇ ಬಂದಿವೆ. ಪಮ್ಮಿ ದಾರಿಯಲ್ಲಿ ಅಳಲಿಲ್ಲ. ಹೊಸ ಊರು ಅವಳಿಗೆ ಹಿಡಿಸಿದಂತೆ ಕಾಣುತ್ತದೆ. ಇರಲು ಒಳ್ಳೆಯ ಜಾಗವೂ ಸಿಕ್ಕಿದೆ.

ಐದು ವರ್ಷದ ಹಿಂದೆ ಎಂಟು ತಿಂಗಳ ಕೂಸು ಪಮ್ಮಿಯನ್ನು ಕಟ್ಟಿಕೊಂಡು, ಗಂಡ ಸತ್ತವಳು ಎಂದು ಯಾರೂ ಖೋಲಿ ಕೊಡದೆ, ನಿಮ್ಮ ಬಾಗಿಲಿಗೆ ಬಂದದ್ದು ನಿನ್ನೆಯಂತೆ ನೆನಪಾಗುತ್ತದೆ. ಮುನ್ನೂರು ರೂಪಾಯಿ ಡಿಪಾಜಿಟ್ಟು ಕೈಗಿಟ್ಟಾಗ ನೀವು ತಹಸೀಲ ಕಚೇರಿಯ ಮುಂದೆ ಅರ್ಜಿ ಬರೆಯುವ ಅದೇ ಪೆನ್ನಿನಿಂದ ಪಾವತಿ ಚೀಟಿ ಬರೆದು, ಕೋರ್ಟಿನಲ್ಲಿ ಓದುವವರ ಹಾಗೆ ದೊಡ್ಡ ದನಿಯಲ್ಲಿ ಓದಿದಿರಿ. ಚಾಚಿ ನಡುವೆಯೇ ಬಾಯಿ ಹಾಕಿ, "ಅದೇನ ಓದ್ತೀರಿ, ಕೂಸು ಹಸದದ. ಮದಲ ಹಾಲು ಕಾಸಾಕ ಬಿಡ್ರಿ" ಎಂದು ಕೂಸನ್ನು ನನ್ನ ಕೈಯಿಂದ ಎತ್ತಿಕೊಂಡು ಒಳಗೆ ಹೋಗಿಬಿಟ್ಟಿದ್ದರು.

ಕೇಳಲು ಸಂಕೋಚ. ಆ ಮುನ್ನೂರು, ಮತ್ತೆ ನಿಮ್ಮ ಸೋರುವ ಛತ್ತಿನ ರಿಪೇರಿಗೆಂದು ಜನವರಿ ಒಂದರಂದು ಆರು ತಿಂಗಳ ಬಾಡಿಗೆ ಒಮ್ಮೆಗೇ ಕೊಟ್ಟದ್ದರಲ್ಲಿ ನಾಲ್ಕು ತಿಂಗಳದ್ದು ನೂರ ಅರವತ್ತು. ಅನುಕೂಲ ನೋಡಿ ಕಳಿಸಿದರೆ ಉಪಕಾರ. ಸರ್ಕಾರ ಹೀಗೆ ದಿಢೀರನೆ ವರ್ಗ ಮಾಡದಿದ್ದರೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ನಿಮ್ಮ
ತುಳಸಾ


ಆಳಂದ
2 ಏಪ್ರಿಲ್ 1981

ಶ್ರೀಮತಿ ತುಳಸಾಬಾಯಿ, ನರ್ಸ್, ಜೇವರ್ಗಿ, ಇವರಿಗೆ

ವಿಷಯ: ಖೋಲಿಯ ಡಿಪಾಜಿಟ್ಟು ಹಾಗೂ ಮುಂಗಡ ಬಾಡಿಗೆ.

ತಮ್ಮ ಪತ್ರ ತಲುಪಿತು. ಪಾವತಿಯಲ್ಲಿ ಬರೆದ ಪ್ರಕಾರ ಖೋಲಿ ಬಿಡುವವರು ಒಂದು ತಿಂಗಳು ಮೊದಲು ತಿಳಿಸತಕ್ಕದ್ದು. ತಾವು ತಿಳಿಸಿದ್ದು ಒಂಬತ್ತು ದಿನ ಮೊದಲು. ಮುಂಗಡ ಬಾಡಿಗೆಯ ಹಣ ಛತ್ತಿನ ಮೇಲೆಯೇ ಕೂತಿದೆ, ತಾವೇ ಕಣ್ಣಾರೆ ಕಂಡಿದ್ದೀರಿ. ಹೊಸ ಬಾಡಿಗೆದಾರರು ಬಂದು ಡಿಪಾಜಿಟ್ಟು ಕೊಟ್ಟ ಕೂಡಲೇ ತಮ್ಮದನ್ನು ಕೊಡಲಾಗುವುದು. ಅದರಲ್ಲಿ ಬಚ್ಚಲದ ಪರಸಿಕಲ್ಲು ಒಡೆದದ್ದು, ಬಾಗಿಲಿನ ಚಿಲಕ ಮುರಿದದ್ದು, ಒಳಗೋಡೆಗೆ ಇದ್ದಿಲು ಬಳಿದದ್ದು, ಇವುಗಳ ಖರ್ಚು ಮುರಿದುಕೊಳ್ಳಬೇಕಾದೀತು.

ಸರ್ಕಾರದ ವರ್ಗಾವಣೆ ಎಂದು ಬರೆದಿದ್ದೀರಿ. ಸರ್ಕಾರ ಹೋಗೆಂದರೆ ಯಾರು ಏನು ಮಾಡಲಾದೀತು.

ನಮ್ಮ ಮನೆಯವಳು ಬೀಬಿಜಾನ ಸಲಾಮ ಹೇಳಿದ್ದಾಳೆ. ಕೂಸಿನ ಕೆಮ್ಮು ಹೋಯಿತೇ ಎಂದು ಕೇಳಿದ್ದಾಳೆ.

ಬುರಾನುದ್ದೀನ
ಅರ್ಜಿ ಬರಹಗಾರ


ಜೇವರ್ಗಿ
11 ಮೇ 1981

ಚಾಚಾ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೈಬರಹ ನಿಮ್ಮದೇ, ಮಾತು ಮಾತ್ರ ಕಚೇರಿಯದು. ನಿಮ್ಮ ಮನೆಯಲ್ಲಿ ಐದು ವರ್ಷ ಉಂಡವಳಿಗೆ ಹೀಗೆ ಬರೆಯುವಷ್ಟು ಏನಾಯಿತೋ ತಿಳಿಯಲಿಲ್ಲ.

ಪರಸಿಕಲ್ಲು ಒಡೆದದ್ದು ನನ್ನಿಂದ ನಿಜ. ಆ ಶ್ರಾವಣದಲ್ಲಿ ನನಗೆ ಮೈ ಸುಡುವ ಜ್ವರ ಬಂದಿತ್ತು. ಎದ್ದು ನಡೆಯುತ್ತೇನೆಂದು ಹಠ ಮಾಡಿ, ತುಂಬಿದ ಹಂಡೆಯ ಮೇಲೆ ಬಿದ್ದೆ. ಹಂಡೆ ಕಲ್ಲಿನ ಮೇಲೆ ಬಿತ್ತು. ಚಾಚಿ ಓಡಿಬಂದು, "ಕಲ್ಲ ಹ್ವಾದ್ರ ಹೋಗ್ಲಿ, ಕಾಲು ನೆಟ್ಟಗದ ಇಲ್ಲ ನೋಡ್ರಿ" ಅಂದಿದ್ದರು. ಚಿಲಕ ಮುರಿದವರು ನೀವೇ. ಪಮ್ಮಿ ಒಳಗಿನಿಂದ ಹಾಕಿಕೊಂಡು ತೆಗೆಯಲು ಬಾರದೆ ಅಳುತ್ತಿದ್ದಾಗ ಭುಜ ಕೊಟ್ಟು ದೂಡಿದಿರಿ; ಆಮೇಲೆ ನಾಲ್ಕು ದಿನ ಭುಜಕ್ಕೆ ನಾನು ಮುಲಾಮು ಹಚ್ಚಿದೆ. ಇನ್ನು ಇದ್ದಿಲಿನ ಮಾತು. ಗೋಡೆಯ ಮೇಲೆ ಅವಳಿಗೆ ಅ ಆ ಬರೆದು ತೋರಿಸಿದ್ದು ನಾನು. ಅದರ ಪಕ್ಕದಲ್ಲೇ ಉರ್ದುವಿನ ಅಲಿಫ್ ಬೇ ಬರೆದು ಕೊಟ್ಟವರು ಯಾರು, ನೀವೇ ಹೇಳಿರಿ. ಅರ್ಧ ಖರ್ಚು ನಿಮ್ಮ ಮೇಲೆಯೂ ಬಂತು.

ಇಷ್ಟು ಬರೆದು ನನಗೇ ನಗು ಬಂತು. ಆ ಸಂಜೆಗಳು ಎಷ್ಟು ಚಂದ ಇದ್ದವು! ನಾನು ಹಳ್ಳಿಗಳಿಂದ ಧೂಳು ಹೊತ್ತು ಬರುವಷ್ಟರಲ್ಲಿ ಅಂಗಳಕ್ಕೆ ನೀರು ಹೊಡೆದಿರುತ್ತಿತ್ತು, ಚಾಚಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತಿರುವಿಗೇ ಕೇಳುತ್ತಿತ್ತು. ದರ್ಗಾದ ಉರುಸಿನಲ್ಲಿ ಪಮ್ಮಿ ನಿಮ್ಮ ಹೆಗಲ ಮೇಲೆ ಕೂತು ಬತ್ತಾಸು ತಿಂದು ನಿಮ್ಮ ಟೋಪಿಯೆಲ್ಲ ಅಂಟು ಮಾಡಿದ್ದಳು.

ಹಣದ ಅಡಚಣೆ ಇದೆ, ಚಾಚಾ. ಹೆಚ್ಚು ಬರೆಯಲಾರೆ. ದಯಮಾಡಿ ನೋಡಿರಿ.

ತುಳಸಾ


ಆಳಂದ
27 ಜುಲೈ 1981

ತುಳಸಾಬಾಯಿಯವರಿಗೆ

ರಮಜಾನ ನಡೆದಿದೆ. ಉಪವಾಸದ ದಿನಗಳಾದ್ದರಿಂದ ಉತ್ತರ ತಡವಾಯಿತು.

ಖೋಲಿ ಇನ್ನೂ ಖಾಲಿ ಇದೆ. ಇಬ್ಬರು ಬಂದು ನೋಡಿದರು. ಕುದುರಲಿಲ್ಲ. ಕಾರಣಗಳನ್ನು ಬರೆಯುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಜಮೀನಿನ ತಕರಾರುಗಳು ಕಡಿಮೆ, ನನ್ನ ಬಳಿ ಅರ್ಜಿ ಬರೆಸುವವರೂ ಕಡಿಮೆ. ಆದ್ದರಿಂದ ಸ್ವಲ್ಪ ತಾಳಿಕೊಳ್ಳಬೇಕು. ಪರಸಿಕಲ್ಲು, ಚಿಲಕ, ಗೋಡೆ, ಈ ಮೂರನ್ನೂ ಬಿಟ್ಟಿದ್ದೇನೆ.

ನಿನ್ನೆ ಇಫ್ತಾರಿನ ಹೊತ್ತಿಗೆ ಬೀಬಿಜಾನ ಮರೆತು ನಾಲ್ಕು ತಟ್ಟೆ ಇಟ್ಟಿದ್ದಳು. ಎರಡನ್ನು ನಾನೇ ಎತ್ತಿ ಒಳಗಿಟ್ಟೆ.

ಬುರಾನುದ್ದೀನ


ಜೇವರ್ಗಿ
19 ಅಕ್ಟೋಬರ್ 1981

ಮನೆ ಮಾಲೀಕರಾದ ಬುರಾನುದ್ದೀನ ಅವರಿಗೆ

ಏಳು ತಿಂಗಳು ತಾಳಿದೆ. ಇನ್ನು ಆಗುವುದಿಲ್ಲ.

ಆಳಂದದಿಂದ ಬಂದ ನಮ್ಮ ಇಲಾಖೆಯ ಒಬ್ಬರು ಎಲ್ಲ ಹೇಳಿದರು. ನಿಮ್ಮ ಖೋಲಿ ನೋಡಲು ಬಂದವರು ಇಬ್ಬರಲ್ಲ, ಐವರು. ಅವರಲ್ಲಿ ಒಬ್ಬರು ಜೇಬಿನಲ್ಲಿ ಡಿಪಾಜಿಟ್ಟು ಇಟ್ಟುಕೊಂಡೇ ಬಂದಿದ್ದರಂತೆ. ಚಾಚಿ ಬಾಗಿಲಲ್ಲೇ ನಿಂತು "ಛತ್ತು ಸೋರ್ತದರಿ, ಬ್ಯಾರೆ ಕಡೆ ನೋಡ್ರಿ" ಎಂದು ಕಳಿಸಿದರಂತೆ. ಆ ಛತ್ತು ನನ್ನ ಮುಂಗಡ ಬಾಡಿಗೆಯಲ್ಲಿ ಹೊಸದಾದದ್ದು, ಎಲ್ಲಿಯ ಸೋರಿಕೆ? ನನ್ನ ಹಣ ಕೊಡುವುದನ್ನು ತಪ್ಪಿಸಿಕೊಳ್ಳಲು ಗಂಡ ಹೆಂಡತಿ ಕೂಡಿ ಖೋಲಿಯನ್ನು ಖಾಲಿ ಇಟ್ಟಿದ್ದೀರಿ ಎಂದು ಈಗ ತಿಳಿಯಿತು. ಯಾರ ಬಗ್ಗೆ ಏನು ತಿಳಿದಿದ್ದೆನೋ!

ನಾನೂ ಒಂದು ಸುಳ್ಳು ಬರೆದಿದ್ದೆ. ಇಲ್ಲಿ ನನಗೆ ಒಳ್ಳೆಯ ಜಾಗ ಸಿಕ್ಕಿಲ್ಲ. ಒಬ್ಬರ ಮನೆಯ ಹಿಂದೆ ಕಟ್ಟಿಗೆ ಒಟ್ಟುವ ಖೋಲಿಯಲ್ಲಿ ತಾಯಿ ಮಗಳು ಮಲಗುತ್ತೇವೆ. ಹೋದ ವಾರ ಪಮ್ಮಿಯ ಹಾಸಿಗೆಯಲ್ಲಿ ಚೇಳು ಸಿಕ್ಕಿತು. ದಿನಾ ಅವಳನ್ನು ನನ್ನ ಜೊತೆ ಹಳ್ಳಿಗಳಿಗೆ ನಡೆಸಿಕೊಂಡು ಹೋಗುತ್ತೇನೆ. ಸಾಲೆಗೆ ಹಚ್ಚಿದರೆ ಸಂಜೆ ಯಾರು ಕರೆತರುತ್ತಾರೆ? ದವಾಖಾನೆಯ ಹತ್ತಿರ ಎರಡು ಖೋಲಿಯ ಮನೆ ಇದೆ, ಐದುನೂರು ಡಿಪಾಜಿಟ್ಟು. ಅಫಜಲಪುರದ ಅಣ್ಣನ ಮುಂದೆ ಕೈ ಒಡ್ಡಲು ನನ್ನಿಂದಾಗದು. ನನ್ನದೇ ಹಣ ನಿಮ್ಮಲ್ಲಿರುವಾಗ ಯಾಕೆ ಒಡ್ಡಲಿ?

ಹದಿನೈದು ದಿನದಲ್ಲಿ ನಾಲ್ಕುನೂರ ಅರವತ್ತು ರೂಪಾಯಿ ಬರದಿದ್ದರೆ ನೋಟೀಸು ಟೈಪ್ ಮಾಡಿಸಿ ಕಳಿಸುತ್ತೇನೆ.

ತುಳಸಾಬಾಯಿ


ಆಳಂದ
2 ನವೆಂಬರ್ 1981

ತುಳಸಾಬಾಯಿ,

ನೋಟೀಸನ್ನು ಟೈಪ್ ಮಾಡಿಸುವುದಾದರೆ ಜಹೀರುದ್ದೀನನ ಕಡೆಯೇ ಮಾಡಿಸಿರಿ. ಕಚೇರಿಯ ಮುಂದೆ ನನ್ನ ಪಕ್ಕದಲ್ಲೇ ಮಷಿನು ಇಟ್ಟುಕೊಂಡು ಕೂಡುತ್ತಾನೆ. ನಿಮ್ಮ ಕೆಲಸ ಅವನಿಗೆ ರೂಢಿಯೂ ಇದೆ. "ಸ್ವಂತ ಕೋರಿಕೆಯ ಮೇರೆಗೆ ಬೇರೆ ತಾಲೂಕಿಗೆ ವರ್ಗಾಯಿಸಬೇಕೆಂದು ವಿನಂತಿ" ಎಂದು ಜನವರಿ ಹನ್ನೆರಡರಂದು ಟೈಪ್ ಮಾಡಿಕೊಟ್ಟದ್ದು ಅವನೇ. ನಾನು ನಮಾಜಿಗೆ ಎದ್ದು ಹೋಗುವುದನ್ನು ಕಾಯ್ದು ಬಂದಿರಿ. ಅದೇ ಸಂಜೆ ಅವನು ನನಗೆ ಹೇಳಿದ. "ನಿಮ್ಮ ನರ್ಸಬಾಯಿ ಹೊಂಟಾಳಲ್ರಿ, ಏನರ ಜಗಳ ಆತೇನ್ರಿ?" ಅಂದ.

ಮೂವತ್ತು ವರ್ಷದಿಂದ ಊರಿನವರ ಅರ್ಜಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿದ್ದವಳು ತನ್ನ ಅರ್ಜಿಯನ್ನು ಬೇರೆಯವನ ಕೈಯಲ್ಲಿ ಮಾಡಿಸಿದಳು. ಆಮೇಲೆ ಸರ್ಕಾರದ ಹುಕುಂ ಎಂದು ಬಂದು ಹೇಳಿದಿರಿ. ಬೀಬಿಜಾನ ಸರ್ಕಾರವನ್ನು ಬೈಯುತ್ತ ನಿಮ್ಮ ಗಂಟು ಕಟ್ಟಿದಳು. ನಾನು ಬಾಯಿ ಬಿಡಲಿಲ್ಲ, ಅವಳಿಗೂ ಹೇಳಲಿಲ್ಲ. ಮೊದಲನೆಯ ಪತ್ರದಲ್ಲಾದರೂ ನಿಜ ಬರೆದೀರಿ ಎಂದುಕೊಂಡಿದ್ದೆ.

ನಮ್ಮಿಂದ ಏನು ಕಡಿಮೆಯಾಯಿತು, ಅದನ್ನಷ್ಟು ಬರೆಯಿರಿ.

ಕೈಯಲ್ಲಿದ್ದ ನೂರು ರೂಪಾಯಿ ಈ ದಿನ ಮನಿಯಾರ್ಡರು ಮಾಡಿದ್ದೇನೆ. ಚೇಳಿನ ಸುದ್ದಿ ಓದಿ ಊಟ ಸೇರಲಿಲ್ಲ. ಹಾಸಿಗೆಯನ್ನು ನೆಲದ ಮೇಲೆ ಹಾಕಬೇಡಿ.

ಬುರಾನುದ್ದೀನ


ಜೇವರ್ಗಿ
24 ಜನವರಿ 1982

ಚಾಚಾ,

ನೂರು ರೂಪಾಯಿ ಬಂದು ಎರಡೂವರೆ ತಿಂಗಳಾಯಿತು. ಅದರಲ್ಲಿ ಮೊದಲು ಒಂದು ಮಂಚ ಕೊಂಡೆ. ಉತ್ತರ ಬರೆಯಲು ಎಷ್ಟೋ ಸಲ ಕೂತು, ಹರಿದು ಹಾಕಿದೆ. ಈಗ ಬರೆಯುತ್ತಿರುವುದನ್ನು ಚಾಚಿಗೆ ಓದಿ ಹೇಳಬೇಡಿರಿ. ನಿಮ್ಮ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ.

ನಿಮ್ಮಿಂದ ಏನೂ ಕಡಿಮೆಯಾಗಲಿಲ್ಲ. ಎಲ್ಲ ಹೆಚ್ಚೇ ಆಯಿತು.

ನಾನು ಊರೂರು ತಿರುಗಿ ಮಂದಿಯ ಮಕ್ಕಳನ್ನು ಕೈಗೆ ತೆಗೆದುಕೊಳ್ಳುತ್ತಿದ್ದೆ. ನನ್ನ ಮಗಳು ಚಾಚಿಯ ಬೆನ್ನಿಗಿರುತ್ತಿದ್ದಳು. ಮೊದಲ ಮಾತು ಆಡಿದಾಗ ನಾನು ಇರಲಿಲ್ಲ. ಆ ಮಾತು "ಅಮ್ಮಿ" ಎಂದು ಚಾಚಿ ಕುಣಿಯುತ್ತ ಬಂದು ಹೇಳಿದರು. ನಾನೂ ನಕ್ಕೆ. ಮುಂದೆ ಚಾಚಿ ಅಮ್ಮಿಯಾಗಿಯೇ ಉಳಿದರು, ನಾನು "ಬಾಯಿ" ಆದೆ, ನೀವೆಲ್ಲ ಕರೆಯುವಂತೆಯೇ. ಮಗು, ದೊಡ್ಡವಳಾದರೆ ಸರಿಹೋಗುತ್ತದೆ ಎಂದುಕೊಂಡೆ.

ಹೋದ ವರ್ಷ ಸಂಕ್ರಾಂತಿಗೆ ಮೊದಲು ಲಸಿಕೆಯ ಕ್ಯಾಂಪಿಗೆಂದು ನಾಲ್ಕು ದಿನ ಹೊರಗಿದ್ದೆನಲ್ಲ, ಅಲ್ಲಿಂದ ಬಂದ ದಿನ ಪಮ್ಮಿ ಅಂಗಳದಲ್ಲಿ ಓಡಿ ಬಿದ್ದು ಮೊಣಕಾಲು ಒಡೆದುಕೊಂಡಳು. ರಕ್ತ ಬಂತು. ಚೀಲದಿಂದ ಹತ್ತಿ, ಔಷಧ ತೆಗೆದುಕೊಂಡು ಓಡಿದೆ. ನನ್ನ ಕೈಯನ್ನು ದೂಡಿ ಅವಳು ಅಡಿಗೆಮನೆಯಲ್ಲಿದ್ದ ಚಾಚಿಯ ಕಡೆ ಓಡಿದಳು. ದಿನಕ್ಕೆ ಹತ್ತು ಮಕ್ಕಳ ಗಾಯ ಕಟ್ಟುವವಳು ನಾನು. ಹತ್ತಿ ಹಿಡಿದುಕೊಂಡು ಅಂಗಳದ ನಡುವೆ ನಿಂತೆ. ಚಾಚಿ ಅವಳನ್ನು ಎತ್ತಿಕೊಂಡೇ ಬಂದು, "ಬಾಯಿ ಔಷಧ ಹಚ್ತಾರ ಬೇಟಾ, ಅಳಬ್ಯಾಡ" ಅಂದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನಗೇ ತಡೆದುಕೊಳ್ಳಲಾಗಲಿಲ್ಲ. ಮರುದಿನವೇ ಹೋಗಿ ಅರ್ಜಿ ಕೊಟ್ಟೆ.

ನಿಮ್ಮ ಮುಂದೆ ಹೇಗೆ ಹೇಳಲಿ? ನನ್ನ ಮಗಳನ್ನು ಪ್ರೀತಿ ಮಾಡಿದ್ದು ಹೆಚ್ಚಾಯಿತು ಎಂದು ಯಾರಿಗಾದರೂ ಹೇಳಲು ಬರುತ್ತದೆಯೇ?

ಅವಳು ದಾರಿಯಲ್ಲಿ ಅಳಲಿಲ್ಲ ಎಂದು ಬರೆದಿದ್ದೆ. ಗುಲಬರ್ಗಾ ದಾಟಿ ಭೀಮಾ ನದಿಯ ಸೇತುವೆಯ ತನಕ ಅತ್ತಳು. ಅಮ್ಮಿಯ ಹತ್ತಿರ ಯಾವಾಗ ಹೋಗುವುದು ಎಂದು ಕೇಳಿ ಕೇಳಿ ನನ್ನ ತಲೆ ಕೆಟ್ಟು, "ನಮ್ಮ ಖೋಲ್ಯಾಗ ಬ್ಯಾರೇದವರು ಬಂದಾರ, ಅಮ್ಮಿಗೆ ಬ್ಯಾರೆ ಕೂಸು ಸಿಕ್ಕದ" ಅಂದುಬಿಟ್ಟೆ. ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಿದ್ದಾಳೆ. ಈಗ ನನಗೆ "ಅವ್ವ" ಎನ್ನುತ್ತಾಳೆ. ಅದಕ್ಕಾಗಿಯೇ ಊರು ಬಿಟ್ಟು ಬಂದವಳು ನಾನು. ಕೇಳಿದಾಗ ಸಂತೋಷವಾಗುವುದಿಲ್ಲ.

ಹಣದ ಅವಸರ ಮಾಡಬೇಡಿ.

ತುಳಸಾ


ಆಳಂದ
8 ಮಾರ್ಚ್ 1982

ಬೇಟಿ ತುಳಸಾ,

ನಿನ್ನ ಪತ್ರ ಬಂದ ದಿನ ನಾನು ಒಂದು ದಾವೆಯ ಸಾಕ್ಷಿಗೆಂದು ಗುಲಬರ್ಗಾಕ್ಕೆ ಹೋಗಿದ್ದೆ. ಅಂಚೆಯವನು ಬೀಬಿಜಾನಳ ಕೈಗೆ ಕೊಟ್ಟ. ನಾನು ಬರುವ ತನಕ ಕಾಯುವ ತಾಳ್ಮೆ ಅವಳಿಗೆಲ್ಲಿ? ಎದುರು ಮನೆಯ ಅಮೀರುನ್ನಿಸಾ ಟೀಚರಳ ಹತ್ತಿರ ಓದಿಸಿದಳು. ಓದಿ ಹೇಳಬೇಡಿ ಎಂಬ ಮಾತನ್ನೂ ಸೇರಿಸಿ ಟೀಚರ್ ಎಲ್ಲ ಓದಿದ್ದಾಳೆ.

ಈಗ ನನ್ನ ತಪ್ಪು ಕೇಳು. ಅವಳಿಗೆ ಓದು ಬಾರದು, ನಿನಗೆ ಗೊತ್ತು. ನಿನ್ನ ಪತ್ರಗಳನ್ನು ನಾನೇ ಓದಿ ಹೇಳುತ್ತಿದ್ದೆ. ಮೊದಲ ಪತ್ರದಲ್ಲಿ ಹಣದ ಮಾತನ್ನು ಬಿಟ್ಟು ಓದಿದೆ. ಮುಗಿದ ಮೇಲೆ ಅವಳು "ಮತ್ತೇನ ಬರದಾಳ?" ಅಂದಳು. ಏನೂ ಇರಲಿಲ್ಲ. ಅವಳ ಮುಖ ನೋಡಲಾಗದೆ, "ವರ್ಷದೊಳಗ ತಿರುಗಿ ಆಳಂದಕ್ಕ ಬರ್ತೇನಿ, ಖೋಲಿ ಯಾರಿಗೂ ಕೊಡಬ್ಯಾಡ್ರಿ ಅಂತ ಬರದಾಳ" ಅಂದೆ. ಮುಂದಿನ ಪತ್ರಕ್ಕೂ ಹಾಗೆಯೇ ಎರಡು ಸಾಲು ಕೂಡಿಸಿದೆ. ಸಿಟ್ಟಿನ ಪತ್ರವನ್ನೂ ಸಿಹಿ ಮಾಡಿ ಓದಿದೆ. ಮಂದಿಯ ಪರವಾಗಿ ಬರೆದು ಬರೆದು ಅದು ಚಟವಾಗಿತ್ತು. ಅದನ್ನು ನಂಬಿ ಅವಳು ಬಂದ ಐವರನ್ನೂ ತಿರುಗಿಸಿ ಕಳಿಸಿದಳು. ನಿನ್ನ ಹಣವನ್ನು ಹಿಡಿಯಬೇಕೆಂದು ಅಲ್ಲ, ತಾಯಿ. ಹೊಸ ಡಿಪಾಜಿಟ್ಟು ಬಾರದೆ ನನ್ನಲ್ಲಿ ಹಣವೇ ಇರಲಿಲ್ಲ. ಅವಳಿಗೆ ನಿಜ ಹೇಳುವ ಧೈರ್ಯವೂ ಇರಲಿಲ್ಲ.

ನಾನು ಬಂದಾಗ ಅವಳು ಹೊಸ್ತಿಲಲ್ಲಿ ಕೂತಿದ್ದಳು. "ಇಷ್ಟು ದಿನ ನನಗ ಓದಿ ಹೇಳಿದ್ದೆಲ್ಲಾ ಯಾರ ಪತ್ರ?" ಅಂದಳು. ಎರಡು ದಿನ ನನ್ನೊಡನೆ ಮಾತಿಲ್ಲ; ನಿನ್ನ ಹಳೆಯ ಪತ್ರಗಳನ್ನೆಲ್ಲ ಟೀಚರಳ ಹತ್ತಿರ ಒಯ್ದು ಓದಿಸಿದಳು. ಮೂರನೆಯ ದಿನ ಚಹಾ ಇಟ್ಟು ತಾನೇ ಮಾತು ತೆಗೆದಳು.

"ತುಳಸಾ ಒಂದ ಮಾತು ಹೇಳಿದ್ರ ನಾನು ದೂರ ಇರ್ತಿದ್ದೆ" ಅಂದಳು. ಚಹಾದ ಬಸಿ ನನ್ನ ಕಡೆ ಸರಿಸಿ, "ಇಲ್ರಿ. ಇರಾಕ ಆಗ್ತಿದ್ದಿಲ್ಲ ನನಗ. ಆಕಿ ಹೋಗಿದ್ದಽ ಖರೆ ಅದ" ಅಂದಳು.

ಆ ವಾರವೇ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಹೆಂಡತಿಯೊಡನೆ ಖೋಲಿ ಕೇಳಿಕೊಂಡು ಬಂದರು. ಬೀಬಿಜಾನ ತಾನೇ ಬಾಗಿಲು ತೆಗೆದು ತೋರಿಸಿದಳು. ಛತ್ತು ಹೊಸದು, ಸೋರುವುದಿಲ್ಲ ಎಂದಳು. ಸುಣ್ಣವನ್ನೂ ತಾನೇ ಹೊಡೆದಳು, ಕೂಲಿಯವನನ್ನು ಕರೆಯಲು ಬಿಡಲಿಲ್ಲ. ಗೋಡೆಯ ಕೆಳಭಾಗದಲ್ಲಿ ಕೂಸು ಬರೆದ ಕಡೆ ಮೂರು ಸಲ ಬಳಿದರೂ ಇದ್ದಿಲು ಕಾಣುತ್ತಿತ್ತು. ನಾಲ್ಕನೆಯ ಸಲ ನಾನು ಬ್ರಶ್ಶು ತೆಗೆದುಕೊಂಡೆ.

ಮಾಸ್ತರರು ಕೊಟ್ಟ ನಾಲ್ಕುನೂರನ್ನು ನನ್ನ ಮುಂದಿಟ್ಟು, "ಇವತ್ತಽ ಕಳಸ್ರಿ. ಕೂಸು ಕಟಗಿ ಖೋಲ್ಯಾಗ ಮಲಗಬಾರ್ದು" ಅಂದಳು. ನಿನಗೆ ಬರಬೇಕಾದದ್ದು ಮುನ್ನೂರ ಅರವತ್ತು. ನಾಲ್ಕುನೂರೂ ಕಳಿಸಿದ್ದೇನೆ. ವಾದ ಮಾಡಬೇಡ, ಅವಳ ಹುಕುಂ.

ನಿನ್ನ ಚಾಚಾ
ಬುರಾನುದ್ದೀನ


ಜೇವರ್ಗಿ
16 ಏಪ್ರಿಲ್ 1982

ಚಾಚಾ,

ಹಣ ಬಂತು. ಯುಗಾದಿ ಮುಗಿಸಿ ಹೊಸ ಮನೆಗೆ ಬಂದೆವು. ಎರಡು ಖೋಲಿ, ಹಿಂದೆ ಸಣ್ಣ ಅಂಗಳ. ಮಾಲೀಕರು ಪಾವತಿ ಬರೆಯಲಿಲ್ಲ. ಬಾಯಿಮಾತು ಸಾಕು ಅಂದರು. ನಾನೇ ಹಠ ಮಾಡಿ ನಿಮ್ಮ ಹಾಗೆ ಬರೆಸಿ, ಓದಿಸಿ ಕೇಳಿದೆ.

ನಿಮ್ಮ ಪತ್ರವನ್ನು ಓದಿ ಅತ್ತದ್ದನ್ನು ಬರೆಯಲಾರೆ. ಚಾಚಿ ಗೋಡೆಗೆ ಸುಣ್ಣ ಬಳಿಯುವುದು ಕಣ್ಣ ಮುಂದೆ ಬಂದು ಬಂದು ಹೋಗುತ್ತದೆ.

ಪಮ್ಮಿಗೆ ಮೊನ್ನೆ ನಿಜ ಹೇಳಿದೆ. "ಅಮ್ಮಿಗೆ ಬ್ಯಾರೆ ಕೂಸು ಸಿಕ್ಕಿಲ್ಲ. ನಾನು ಸುಳ್ಳ ಹೇಳಿದ್ದೆ" ಅಂದೆ. ಅವಳು "ಯಾಕ?" ಅಂದಳು. ಏಳು ವರ್ಷವೂ ತುಂಬದ ಹುಡುಗಿಗೆ ಏನು ಹೇಳಲಿ? "ನನಗ ನೀ ಬೇಕಾಗಿತ್ತು" ಅಂದೆ.

ಬರುವ ತಿಂಗಳು ಬಿಸಿಲಲ್ಲಿ ನನಗೆ ಹಳ್ಳಿಯ ಕೆಲಸ ಹೆಚ್ಚು. ಅದೊಂದು ನೆವ ಅಂತಲೇ ತಿಳಿಯಿರಿ. ಚಾಚಿಯನ್ನು ಕಳಿಸಿಕೊಡುತ್ತೀರಾ? ನನಗೇ ಬಂದು ಕರೆಯಲು ಮುಖವಿಲ್ಲ. ಅವರು ಬಾರದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ತುಳಸಾ


ಆಳಂದ
9 ಮೇ 1982

ಬೇಟಿ,

ಇಂದು ಮುಂಜಾನೆ ನಿನ್ನ ಚಾಚಿಯನ್ನು ಬಸ್ಸಿಗೆ ಹತ್ತಿಸಿದೆ. ಈ ಪತ್ರ ತಲುಪುವ ಮೊದಲೇ ಅವಳು ನಿನ್ನ ಬಾಗಿಲಲ್ಲಿರುತ್ತಾಳೆ. ಆದರೂ ಬರೆಯದೆ ಇರಲಾಗಲಿಲ್ಲ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ.

ನಿನ್ನ ಪತ್ರವನ್ನು ಅವಳು ಮೊದಲು ಅಮೀರುನ್ನಿಸಾಳ ಹತ್ತಿರ ಓದಿಸಿ, ಆಮೇಲೆ ನನ್ನಿಂದ ಓದಿಸಿದಳು. ಎರಡೂ ಒಂದೇ ಇದೆ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ನೋಡಿ ನಕ್ಕಳು. ಒಂದು ವಾರ ಹೋಗುವುದಿಲ್ಲ ಅಂದಳು. ಮತ್ತೆ ಒಂದು ವಾರ ಏನೇನು ಒಯ್ಯಬೇಕೆಂದು ಡಬ್ಬಿ ತುಂಬಿದಳು, ತೆಗೆದಳು.

ಬಸ್ಸಿನಲ್ಲಿ ಕಂಡಕ್ಟರ್ ಅವಳ ಗಂಟುಗಳನ್ನು ನೋಡಿ, "ಎಲ್ಲಿಗೆ ಹೊಂಟೀರಿ ಅಮ್ಮಾ, ಮಗಳ ಮನಿಗೇನು?" ಅಂದ. ಅವಳು ಡಬ್ಬಿಯ ಗಂಟನ್ನು ಹತ್ತಿರ ಎಳೆದುಕೊಂಡಳು. "ಅಲ್ಲಪ್ಪ. ಜೇವರ್ಗ್ಯಾಗ ನನ್ನ ಬಾಡಿಗಿ ಮಂದಿ ಅದಾರ" ಅಂದಳು. ಕಂಡಕ್ಟರನಿಗೆ ಏನು ತಿಳಿಯಿತೋ. ಅವಳು ಕಿಡಕಿಯಿಂದ ನನ್ನ ಕಡೆ ನೋಡದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಕೂಸು ಅವಳ ಗುರುತು ಮರೆತಿದ್ದರೆ ನೀನು ಹತ್ತಿರವೇ ಇರು.

ಚಾಚಾ


ಜೇವರ್ಗಿ
12 ಮೇ 1982

ಚಾಚಾ,

ಚಾಚಿ ಬಂದು ಮುಟ್ಟಿದರು. ಬಿಸಿಲಿಗೆ ದಣಿದಿದ್ದರು, ಈಗ ಆರಾಮ ಇದ್ದಾರೆ.

ನೀವು ಹೆದರಿದಂತೆಯೇ ಆಯಿತು. ಪಮ್ಮಿ ಬಾಗಿಲ ಹಿಂದೆ ನಿಂತು ಹೊರಗೆ ಬರಲೇ ಇಲ್ಲ. ಚಾಚಿಯೂ ಕರೆಯಲಿಲ್ಲ. ನನ್ನ ಮುಖ ನೋಡಿದರು, ಕೈಯೆರಡೂ ಮಡಿಲಲ್ಲಿ ಇಟ್ಟುಕೊಂಡು ಕೂತರು. ಮುಟ್ಟಲು ನನ್ನ ಪರವಾನಗಿ ಬೇಕೆನ್ನುವ ಹಾಗೆ ಕೂತದ್ದನ್ನು ನೋಡಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಕಡೆ ಹೋದೆ.

ಪಮ್ಮಿ ಹಿಂದಿನಿಂದ ಬಂದು ನನ್ನ ಸೀರೆ ಜಗ್ಗಿದಳು. ಕಿವಿಯ ಹತ್ತಿರ ಬಾಯಿ ತಂದು, "ಅವ್ವಾ, ಅಮ್ಮಿಗೆ ಈಗ ಏನಂತ ಕರೀಲಿ?" ಅಂದಳು.

ನನ್ನ ಎದೆಯಲ್ಲಿ ಆ ಹಳೆಯದು ಒಮ್ಮೆ ಚುಚ್ಚಿತು. ನಿಮ್ಮ ಮುಂದೆ ಇನ್ನು ಸುಳ್ಳು ಬರೆಯುವುದಿಲ್ಲ.

"ಈಗ ಅಂದೆಲ್ಲ, ಅದನ್ನಽ ಅನ್ನು ಹೋಗು" ಅಂದೆ.

ಅವಳು ಹೋದಳು.

ತುಳಸಾ